ಮಾತಿನ ಪಾಲು

1 ಅಕ್ಟೋಬರ್ 2025, ಬುಧವಾರ ರಾತ್ರಿ

ಆಯುಧಪೂಜೆ. ಮೈಕು, ಮಿಕ್ಸರು, ಹೆಡ್‌ಫೋನು ಎಲ್ಲಕ್ಕೂ ಕುಂಕುಮ ಇಟ್ಟು ಬೆಳಿಗ್ಗೆಯಿಂದ ಮುಟ್ಟಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಹಾಕಿದ್ದು ಫ್ಲೋಎಟ್ರಿ ಎಂಬ ಇಂಗ್ಲೆಂಡಿನ ನಿಯೋ ಸೋಲ್ ಜೋಡಿಯ ‘ಫ್ಲೋಎಟಿಕ್’. 2002ರ ಇದೇ ಅಕ್ಟೋಬರ್ 1ರಂದು ಹೊರಬಂದ ಆಲ್ಬಂ. ಪಕ್ಕದಲ್ಲಿ ಕೂತಿದ್ದ ಪುಟ್ಟಿ ಎರಡನೇ ಹಾಡಿಗೇ ಕೇಳಿದಳು: “ಚಿಕ್ಕಮ್ಮಾ, ಹಾಡೋಳು ಎಷ್ಟು ಚೆನ್ನಾಗಿ ಹಾಡ್ತಾಳೆ. ಈ ಮಾತಾಡೋಳು ಯಾಕೆ ನಡುನಡುವೆ ಬರ್ತಾಳೆ?”

ಆ ಜೋಡಿಯ ಹಣೆಬರಹವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಹಾಡುವವಳು ಮಾರ್ಷಾ ಆಂಬ್ರೋಸಿಯಸ್, ಲಿವರ್‌ಪೂಲ್ ಹುಡುಗಿ. ಮಾತಾಡುವವಳು ನಟಾಲಿ ಸ್ಟೂವರ್ಟ್. ಲಂಡನ್ನಿನಲ್ಲಿ ಹದಿಹರೆಯದಲ್ಲಿ ಇಬ್ಬರನ್ನೂ ಹತ್ತಿರ ತಂದದ್ದು ಬ್ಯಾಸ್ಕೆಟ್‌ಬಾಲ್. ಅಮೆರಿಕಕ್ಕೆ ಹೋಗಿ, ಕೊನೆಗೆ ಫಿಲಡೆಲ್ಫಿಯಾದಲ್ಲಿ ನೆಲೆ ನಿಂತರು. ಅಲ್ಲಿ ಹಿಪ್‌ಹಾಪ್ ನಿರ್ಮಾಪಕ ಡಿಜೆ ಜಾಝಿ ಜೆಫ್‌ನ ‘ಎ ಟಚ್ ಆಫ್ ಜಾಝ್’ ಸ್ಟುಡಿಯೊ ಇತ್ತು; ಗಾಯಕಿ ಜಿಲ್ ಸ್ಕಾಟ್‌ಳ ಮೊದಲ ಆಲ್ಬಂ ರೂಪುಗೊಂಡದ್ದೂ ಅಲ್ಲೇ. ‘ಬ್ಲ್ಯಾಕ್ ಲಿಲಿ’ ಎಂಬ ವೇದಿಕೆಯೂ ಇತ್ತು. ಅಲ್ಲಿ ಹೆಣ್ಣುಮಕ್ಕಳು ತಾವೇ ಬರೆದದ್ದನ್ನು ಬ್ಯಾಂಡ್ ಜೊತೆ ನಿಂತು ಹಾಡುತ್ತಿದ್ದರು, ನುಡಿಯುತ್ತಿದ್ದರು. ಹೆಸರೂ ಇವರಿಗೆ ಸರಿಹೊಂದಿತು: ‘ಫ್ಲೋ’ಗೆ, ಅಂದರೆ ಹರಿವಿಗೆ, ‘ಪೊಯೆಟ್ರಿ’ ಸೇರಿಸಿದ್ದು. ಹಾಡುವ ಮಾರ್ಷಾ ಸಾಂಗ್‌ಸ್ಟ್ರೆಸ್, ನುಡಿಯುವ ನಟಾಲಿ ಫ್ಲೋಅಸಿಸ್ಟ್.

ನಮಗೆ ಇದು ಹೊಸದಾಗಿ ಕಾಣಬೇಕಿಲ್ಲ. ಗಮಕದಲ್ಲಿ ಒಬ್ಬರು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಆದರೆ ನಟಾಲಿ ವ್ಯಾಖ್ಯಾನಕಾರಳಲ್ಲ. ಮಾರ್ಷಾ ಹಾಡಿದ್ದರ ಅರ್ಥ ಹೇಳುವ ಕೆಲಸ ಅವಳದಲ್ಲ. ಅವಳದು ಬೇರೆಯೇ ಪದ್ಯ, ಅದೇ ತಾಳದಲ್ಲಿ. ಹಾಗಾಗಿ ಅವಳ ಭಾಗ ತೆಗೆದರೆ ಹಾಡು ಚಿಕ್ಕದಾಗುವುದಿಲ್ಲ, ಕುಂಟಾಗುತ್ತದೆ.

ಪುಟ್ಟಿಗೆ ಬಾಯಲ್ಲಿ ಹೇಳುವ ಬದಲು ಹೆಡ್‌ಫೋನ್ ಕೊಟ್ಟು ತೋರಿಸಿದೆ. ಈ ಬಗೆಯ ಸಂಗೀತದಲ್ಲಿ ತಾಳ ನಿಧಾನ, ನಿಮಿಷಕ್ಕೆ 70ರಿಂದ 95 ಬೀಟ್. ಸ್ನೇರ್ ಡ್ರಮ್ ಏಟು ಕಂಪ್ಯೂಟರ್ ತೋರಿಸುವ ತಾಳದ ಗೆರೆಯ ಮೇಲೆ ಸರಿಯಾಗಿ ಬೀಳುವುದಿಲ್ಲ, 10-20 ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ಮಾತಾಡುವವರು ಆ ಸಡಿಲಿನ ಮೇಲೆ ಒರಗಿಕೊಂಡು ಹೋಗಬೇಕು. ಕಂಪ್ಯೂಟರಿನಲ್ಲಿ ಒಂದೊಂದು ಪದವನ್ನೂ ಎಳೆದು ಗೆರೆಗೆ ಕೂರಿಸಿದರೆ ರೈಲ್ವೆ ಸ್ಟೇಷನ್ ಪ್ರಕಟಣೆ ಆಗುತ್ತದೆ. ಎಷ್ಟೋ ಒಳ್ಳೆಯ ಕವಿತೆಗಳು ರೆಕಾರ್ಡಿಂಗ್‌ನಲ್ಲಿ ಸಾಯುವುದು ಇಲ್ಲೇ.

ಎರಡನೇ ತಪ್ಪು ಜಾಗದ್ದು. ಹೆಣ್ಣಿನ ಮಾತಿನ ಸ್ವರ ಸುಮಾರು 200 ಹರ್ಟ್ಸ್ ಆಸುಪಾಸು. ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೊದ ಎಡಗೈ ಸ್ವರಗಳೂ ಅಲ್ಲೇ ಗುಂಪುಗೂಡಿದರೆ ಎರಡೂ ಕಲಸಿ ಮಂಕಾಗುತ್ತವೆ. ಆಗ ಎಲ್ಲರೂ ಮಾತಿನ ವಾಲ್ಯೂಮ್ ಏರಿಸುತ್ತಾರೆ. ಮಾತು ಕಿರುಚಿದಂತೆ ಕೇಳುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಮಾಡಬೇಕಾದ್ದು ಬೇರೆ: ಮಾತು ಬರುವ ಸಾಲುಗಳಲ್ಲಿ ಪಿಯಾನೊದ ಎಡಗೈ ಹಗುರ ಮಾಡಿಸುವುದು, 2ರಿಂದ 4 ಕಿಲೋಹರ್ಟ್ಸ್ ನಡುವೆ ಪಿಯಾನೊವನ್ನೇ 2-3 ಡೆಸಿಬಲ್ ಇಳಿಸುವುದು. ವ್ಯಂಜನಗಳು ಕೇಳಿಸುವ ಜಾಗ ಅದು. ಮುಖ್ಯ ಗಾಯನದ ಹಿಂದೆ ಕೇಳುವ ಕೋರಸ್ ಪದರಗಳನ್ನು, ಅಂದರೆ ಮೂರು ಸ್ವರ, ಒಂದೊಂದನ್ನೂ ಎರಡು ಸಲ ಹಾಡಿ ಎಡಕ್ಕೂ ಬಲಕ್ಕೂ ಹಂಚಿದ ಆ ಆರು ಟ್ರ್ಯಾಕುಗಳನ್ನು, ಮಾತು ಶುರುವಾಗುವ ಕಡೆ ಇನ್ನೊಂದು 3 ಡೆಸಿಬಲ್ ತಗ್ಗಿಸುವುದು. ಗಾಯನಕ್ಕೆ ಉದ್ದನೆಯ ರಿವರ್ಬ್, ಅಂದರೆ ದನಿ ಗುಂಯ್‌ಗುಟ್ಟುವ ಬಾಲ, ಒಪ್ಪುತ್ತದೆ, ಮಾತಿಗೆ ಒಪ್ಪುವುದಿಲ್ಲ. ಪದದ ಬಾಲ ಮುಂದಿನ ಪದವನ್ನು ನುಂಗುತ್ತದೆ. ಮೈಕಿನಿಂದ ಒಂದು ಗೇಣು ದೂರ, ಬಾಯಿಗೆ ನೇರವಾಗಿಡದೆ ಸ್ವಲ್ಪ ಓರೆ, ಇಲ್ಲದಿದ್ದರೆ ‘ಪ’, ‘ಬ’ ಬಂದಾಗಲೆಲ್ಲ ಗಾಳಿ ಗುದ್ದುತ್ತದೆ. ಉಸಿರನ್ನು ಮಾತ್ರ ಕತ್ತರಿಸಬಾರದು. ಸಾಲಿಗೆ ಮುಂಚಿನ ಆ ಉಸಿರೇ ಕೇಳುವವರಿಗೆ “ಈಗ ಬಂದೆ” ಎಂದು ಹೇಳುವುದು.

ಪುಟ್ಟಿ ಕಣ್ಣುಮುಚ್ಚಿ ಕೇಳಿದಳು. “ಹೂಂ, ಉಸಿರು ಕೇಳಿಸ್ತು” ಅಂದಳು. ಅಷ್ಟೇ ಸಾಕಿತ್ತು.

ಆದರೆ ಮಾರುಕಟ್ಟೆ ಕೇಳುವುದು ಪುಟ್ಟಿಯ ಮೊದಲ ಪ್ರಶ್ನೆಯನ್ನೇ. ಅವರ ಹಾಡುಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ‘ಬಿಲ್‌ಬೋರ್ಡ್ ಹಾಟ್ 100’ ಪಟ್ಟಿಯಲ್ಲಿ ಅತಿ ಮೇಲೇರಿದ್ದು ‘ಸೇ ಯೆಸ್’, 24ನೇ ಸ್ಥಾನ. ಅದರ ಭಾರವೆಲ್ಲ ಮಾರ್ಷಾಳ ಗಾಯನದ ಮೇಲೆ. ಅದಕ್ಕೂ ಮೊದಲೇ, 2001ರಲ್ಲಿ, ಮಾರ್ಷಾ, ಸಂಗೀತ ನಿರ್ಮಾಪಕ ಆಂಡ್ರೆ ಹ್ಯಾರಿಸ್ ಜೊತೆ ಬರೆದ ‘ಬಟರ್‌ಫ್ಲೈಸ್’ ಮೈಕಲ್ ಜಾಕ್ಸನ್‌ನ ಆಲ್ಬಂ ಸೇರಿತ್ತು. ಅಂಗಡಿಯಲ್ಲಿ ಸಿಂಗಲ್ ಆಗಿ ಮಾರಾಟಕ್ಕೇ ಬರದ ಹಾಡು, ಬರೀ ರೇಡಿಯೊ ಬಲದಿಂದ 14ನೇ ಸ್ಥಾನಕ್ಕೆ ಏರಿತು. ಅಮೆರಿಕದ ಎಫ್‌ಎಂ ರೇಡಿಯೊ ಹಾಡಿದವರಿಗೆ ಕಾಸು ಕೊಡುವುದಿಲ್ಲ. ಬರೆದವರಿಗೆ, ಅವರ ಪ್ರಕಾಶಕರಿಗೆ ಮಾತ್ರ ಕೊಡುತ್ತದೆ. ಇಂಟರ್ನೆಟ್ ರೇಡಿಯೊದಲ್ಲಿ ಲೆಕ್ಕ ಬೇರೆ: ರೆಕಾರ್ಡಿಂಗಿನ ಮಾಲೀಕರಿಗೆ 50, ಮುಖ್ಯ ಕಲಾವಿದರಿಗೆ 45, ಉಳಿದ ವಾದಕ, ಗಾಯಕರಿಗೆ 5 ಶೇಕಡಾ.

ಜೋಡಿಯಾಗಿ ಕೆಲಸ ಮಾಡುವವರಿಗೆಲ್ಲ ಇದನ್ನು ಕೈಹಿಡಿದು ಹೇಳಬೇಕೆನಿಸುತ್ತದೆ. ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಯಾರು ಎಷ್ಟು ಬರೆದರು ಎಂದು ಶೇಕಡಾವಾರು ಹಾಕಿ ಎಲ್ಲರೂ ಸಹಿ ಮಾಡಿ. ನುಡಿದದ್ದು ‘ಪ್ರದರ್ಶನ’ ಅಲ್ಲ, ಸಾಹಿತ್ಯ. ರಾಗವಿಲ್ಲ ಅಂತ ಅದನ್ನು ಬಿಟ್ಟರೆ ನುಡಿದವರು ಬರೆದವರ ಪಟ್ಟಿಯಿಂದಲೇ ಜಾರಿಹೋಗುತ್ತಾರೆ. ಆಮೇಲೆ ಹಾಡು ಎಷ್ಟು ಸಲ ಮೊಳಗಿದರೂ ಬರೆದವರ ಪಾಲು ಅವರ ಮನೆಗೆ ಬರುವುದಿಲ್ಲ.

ಮುಂದಿನದು ಬೇಗ ನಡೆದುಹೋಯಿತು. ಅವರ ಕಂಪನಿ ಡ್ರೀಮ್‌ವರ್ಕ್ಸ್ ರೆಕಾರ್ಡ್ಸ್ 2003ರ ಕೊನೆಗೆ ಯೂನಿವರ್ಸಲ್ ಪಾಲಾಯಿತು. 2005ರ ‘ಫ್ಲೋ’ಆಲಜಿ’ ಬಂದದ್ದು ಯೂನಿವರ್ಸಲ್‌ನದೇ ಆದ ಗೆಫೆನ್ ಹೆಸರಲ್ಲಿ. ಆಮೇಲೆ ಇಬ್ಬರೂ ಬೇರೆಯಾದರು. ನಟಾಲಿ ಕೆಲಕಾಲ ಕವಿ, ರ್ಯಾಪರ್ ಅಮಾಂಡಾ ದಿವಾಳನ್ನು ಜೊತೆಗಿಟ್ಟುಕೊಂಡು ಫ್ಲೋಎಟ್ರಿ ಹೆಸರಲ್ಲೇ ವೇದಿಕೆ ಹತ್ತಿದಳು. 2010ರಲ್ಲಿ ಅವಳ ‘ಫ್ಲೋಎಟಿಕ್ ಸೋಲ್’ ಬಂತು. ಮಾರ್ಷಾಳ ಒಂಟಿ ಆಲ್ಬಂ 2011ರಲ್ಲಿ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ 2ನೇ ಸ್ಥಾನದಿಂದಲೇ ಶುರುವಾಯಿತು. ನಡುವೆ 2014-15ರಲ್ಲಿ ಮತ್ತೆ ಒಂದಾದರು, ಊರೂರು ಸುತ್ತಿ ಹಾಡಿದರು, ಮತ್ತೆ ಬೇರೆಯಾದರು. ಮಾರ್ಷಾ ದೊಡ್ಡ ಗಾಯಕಿ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅವಳ ಒಂಟಿ ಹಾಡುಗಳಲ್ಲಿ ಒಂದು ಚರಣ ಮುಗಿದಾಗಲೆಲ್ಲ ಯಾರೋ ಉಸಿರೆಳೆದುಕೊಳ್ಳುತ್ತಾರೆ ಅಂತ ಕಿವಿ ಕಾಯುತ್ತದೆ.

ಪುಟ್ಟಿ ಹೆಡ್‌ಫೋನ್ ಹಾಕಿಕೊಂಡೇ ನಿದ್ದೆ ಹೋಗಿದ್ದಾಳೆ, ಕಿವಿಯ ಮೇಲೆಲ್ಲ ಕುಂಕುಮ. ನಾಳೆ ಎದ್ದ ಮೇಲೆ ಅದೇ ಹಾಡನ್ನು ಮತ್ತೆ ಹಾಕಿ, ಈ ಸಲ ಹಾಡುವವಳನ್ನು ಬಿಟ್ಟು ಬೇಸ್ ಗಿಟಾರ್ ಮತ್ತು ಮಾತು, ಅವೆರಡನ್ನೇ ಹಿಂಬಾಲಿಸು ಅನ್ನಬೇಕು. ಆ ಎರಡೂ ಎಲ್ಲಿ ಕೂಡುತ್ತವೆ ಅಂತ ಅವಳೇ ಹೇಳಲಿ.