ನಕ್ಷೆಯಲ್ಲಿ ಖಾಲಿ ಕಾಡು, ಊರಲ್ಲಿ ಮನೆಯವರ ತೋಟ

ಅರುಣಾಚಲಕ್ಕೆ ಮೊಬೈಲ್ ಟವರ್ ಸೈಟ್ ಹುಡುಕಲು ಹೋಗುವವರಿಗೆ ಒಂದು ಮಾತು. ಆಫೀಸಿನ ಎನ್‌ಒಸಿ (ಒಪ್ಪಿಗೆ ಪತ್ರ) ಟೆಂಪ್ಲೇಟ್ ನಂಬಿಕೊಂಡು ಹೊರಡಬೇಡಿ. ಅದನ್ನು ತಯಾರಿಸಿದ ಪುಣ್ಯಾತ್ಮರಿಗೆ ಇಡೀ ರಾಜ್ಯ ಒಂದೇ ಊರು. ಅಲ್ಲಿ 26 ದೊಡ್ಡ ಬುಡಕಟ್ಟುಗಳಿವೆ, ಒಳಪಂಗಡ ನೂರು ದಾಟುತ್ತವೆ. ಜಮೀನಿನ ಲೆಕ್ಕ ಕಣಿವೆಯಿಂದ ಕಣಿವೆಗೆ ಬೇರೆ.

ಪಾಸಿಘಾಟ್ ಕಡೆ, ಆದಿ ಜನರ ಊರಲ್ಲಿ ಕೆಲಸ ಸಲೀಸಾಗಿ ಮುಗಿದಿತ್ತು. ಕೆಬಾಂಗ್ ಅಂತ ಊರ ಸಭೆ ಇದೆ. ಗಂಟೆಗಟ್ಟಲೆ ಮಾತಾಡಿದರು, ಕೊನೆಗೆ ಕೆಂಪು ಕೋಟಿನ ಗಾಂವ್ ಬುರಾ, ಅಂದರೆ ಊರ ಮುಖ್ಯಸ್ಥರು, ಸಹಿ ಹಾಕಿದರು. ಅದೇ ಧೈರ್ಯದಲ್ಲಿ ಝೀರೋ ಕಣಿವೆಗೆ, ಅಪತಾನಿ ಜನರ ಊರಿಗೆ ಹೋದೆವು. ಅಲ್ಲೂ ಗಾಂವ್ ಬುರಾ ಸಹಿ ಸಿಕ್ಕಿತು. ಸಿಗ್ನಲ್ ಲೆಕ್ಕ ನೋಡುವ ಆರ್‌ಎಫ್ ಟೀಮ್ ಕೊಟ್ಟ ಪಾಯಿಂಟ್ ಒಂದು ಹಸಿರು ದಿಬ್ಬ, ಆಫೀಸಲ್ಲೇ ಕೂತು ಮಾಡಿದ ಡೆಸ್ಕ್‌ಟಾಪ್ ಸರ್ವೆಯಲ್ಲಿ ಅದರ ಮುಂದೆ 'ಖಾಲಿ ಕಾಡು' ಅಂತ ಬರೆದಿತ್ತು. ಸುತ್ತ ಬಿದಿರಿನ ಬೇಲಿ ಇತ್ತು. ದನ ಬರದಿರಲಿ ಅಂತ ಯಾರೋ ಹಾಕಿರಬೇಕು ಅಂದುಕೊಂಡು ದಾಟಿದೆವು. ನಮ್ಮ ಹುಡುಗ ಗುರುತಿಗೆ ಒಂದು ಪೈನ್ ಮರಕ್ಕೆ ಕೆಂಪು ಬಣ್ಣ ಬಳಿದ.

ಅಷ್ಟರಲ್ಲಿ ಒಬ್ಬ ಅಜ್ಜ ಬಂದರು, ಸೊಂಟದಲ್ಲಿ ಕತ್ತಿ. ಬೈಯಲಿಲ್ಲ. ಮರದ ಬಣ್ಣ ಮುಟ್ಟಿ ಬೆರಳು ನೋಡಿಕೊಂಡರು. "ಇದು ಯಾರದು ಗೊತ್ತಾ?" ಅಂತ ಹಿಂದಿಯಲ್ಲಿ ಕೇಳಿದರು. ನಾನು ಉತ್ತರ ಹೇಳುವ ಬದಲು ಸಹಿ ಮಾಡಿದ ಪೇಪರ್ ಮುಂದೆ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ. ಹಿಂದೆ ಇಬ್ಬರು ಬಂದು ನಿಂತರು, ಆಮೇಲೆ ಇನ್ನೂ ಕೆಲವರು. ಯಾರದೂ ಮಾತಿಲ್ಲ. ಕೈ ಚಾಚಿದ್ದೇನೆ, ಪೇಪರ್ ಗಾಳಿಗೆ ಪಟಪಟ ಅನ್ನುತ್ತಿದೆ, ಹಿಂದಕ್ಕೆ ತೆಗೆದುಕೊಂಡರೆ ಸೋತ ಹಾಗೆ ಅಂತ ಸುಮ್ನೆ ಹಿಡಿದೇ ನಿಂತಿದ್ದೆ. ನಮ್ಮ ಡ್ರೈವರ್ ನ್ಯಿಶಿ ಅನ್ನುವ ಬೇರೆ ಬುಡಕಟ್ಟಿನ ಹುಡುಗ. ಅವನನ್ನು ನೋಡಿದರೆ, "ಇದು ಅವರ ಊರು ಸಾರ್, ನಾನೇನೂ ಹೇಳಲ್ಲ" ಅಂದು ಗಾಡಿಯಲ್ಲಿ ಕೂತುಬಿಟ್ಟ. ನಾನು ಮಾತ್ರ ಅಲ್ಲಿಯವರೆಗೂ ಅವನು 'ಲೋಕಲ್' ಅಂತಲೇ ನಂಬಿಕೊಂಡಿದ್ದೆ.

ಅದು ಕಾಡೇ ಅಲ್ಲ. ಅಪತಾನಿ ಮನೆತನಗಳು ಬಿದಿರು, ಪೈನ್ ನೆಟ್ಟು ಬೆಳೆಸುವ ಸ್ವಂತ ತೋಪು. ಮನೆ ಕಟ್ಟಲು, ಬೇಲಿಗೆ, ಎಲ್ಲಕ್ಕೂ ಅಲ್ಲಿಂದಲೇ. ಕೆಳಗಿನ ಗದ್ದೆಯಲ್ಲಿ ಭತ್ತದ ಜೊತೆ ಮೀನು ಸಾಕುತ್ತಾರೆ, ಅದನ್ನಂತೂ ಕೇಳುವ ಹಾಗೇ ಇಲ್ಲ. ಒಂದು ಜಾಗ ಮನೆಯವರದ್ದು, ಇನ್ನೊಂದು ಇಡೀ ಕುಲದ್ದು. ಮನೆಯವರ ತೋಪಿಗೆ ಗಾಂವ್ ಬುರಾ ಸಹಿ ಎಷ್ಟಿದ್ದರೂ ಮನೆಯವರು ಒಪ್ಪಬೇಕು, ಅಲ್ವಾ?

ಇಷ್ಟರ ಮೇಲೆ ಸಾಯಿಲ್ ಟೆಸ್ಟ್ ಇಟ್ಟಿದ್ದು ಜುಲೈ 5ಕ್ಕೆ. ಅವತ್ತೇ ಅಪತಾನಿಯವರ ಡ್ರೀ, ಬೆಳೆ ಚೆನ್ನಾಗಿ ಬರಲಿ ಅಂತ ಮಾಡುವ ಹಬ್ಬ. ಮ್ಯಾನೇಜರ್‌ಗೆ ಫೋನ್ ಮಾಡಿದರೆ "ಅವರ ಹಬ್ಬ ಏಪ್ರಿಲ್‌ನಲ್ಲೇ ಮುಗೀತಲ್ಲ" ಅಂದರು. ಅದು ಗಾಲೋ ಜನರ ಮೋಪಿನ್ ಮಾರಾಯರೇ! ನ್ಯಿಶಿಯವರ ನ್ಯೋಕುಮ್ ಫೆಬ್ರವರಿಯಲ್ಲಿ, ಆದಿಯವರ ಸೋಲುಂಗ್ ಸೆಪ್ಟೆಂಬರ್‌ನಲ್ಲಿ, ತವಾಂಗ್‌ನ ಮೊನ್ಪಾ ಬೌದ್ಧರ ಲೋಸರ್ ಚಾಂದ್ರಮಾನದ ಲೆಕ್ಕದಲ್ಲಿ. ನಮ್ಮ ಟ್ರ್ಯಾಕರ್‌ನಲ್ಲಿ ಇದಕ್ಕೆಲ್ಲ ಇರುವುದು ಒಂದೇ ಕಾಲಂ.

ಕೊನೆಗೆ ಇನ್ನೊಂದು ಮನೆಯವರು ತಾವಾಗಿಯೇ ಜಾಗ ತೋರಿಸಿದರು, ಸಿಗ್ನಲ್ ಅಲ್ಲೇ ಚೆನ್ನಾಗಿತ್ತು. ಪಾಯಿಂಟ್ ಬದಲಾಯಿಸಿದ್ದಕ್ಕೆ ಕಾರಣ ತುಂಬಬೇಕಿತ್ತು. ಡ್ರಾಪ್‌ಡೌನ್‌ನಲ್ಲಿ ಇದ್ದದ್ದರಲ್ಲಿ ಹತ್ತಿರದ್ದು ಅಂದರೆ 'ಗಿಡಗಂಟಿ ಜಾಸ್ತಿ'. ಅದನ್ನೇ ಒತ್ತಿದೆ. ಅಪ್ರೂವ್ ಆಯಿತು.