ಮೊದಲ ಫುಲ್‌ಸ್ಟಾಪ್ ಆದ್ಮೇಲೆ

"ಯಾವ ಸಾಟ್ಸ್?"

ಸಾಟ್ಸ್ ಅಂದರೆ ಜರ್ಮನ್‌ನಲ್ಲಿ ವಾಕ್ಯ. ಒಬ್ಬ ವಕೀಲರ ಈ ಪ್ರಶ್ನೆ ಈ ವಾರವೆಲ್ಲ ನನ್ನ ಕಿವಿಯಲ್ಲೇ ಕೂತಿದೆ.

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನನ್ನ ಗೆಳತಿಗೆ ಮನೆ ಓನರ್ ಕಾಗದ ಕಳಿಸಿದ್ದ. ಮಗಳು ಬರುತ್ತಾಳೆ, ಮೂರು ತಿಂಗಳಲ್ಲಿ ಖಾಲಿ ಮಾಡಿ ಅಂತ. ಮಗಳು ನಿಜಕ್ಕೂ ಬರಬಹುದು. ಆದರೆ ಚಳಿಗಾಲ ಬಂದರೆ ಹೀಟರ್ ವಿಷಯಕ್ಕೆ ಕ್ಯಾತೆ ತೆಗೆಯುವ ಆಸಾಮಿ ಅವನು, ನನಗಂತೂ ನಂಬಿಕೆ ಇಲ್ಲ. ಇಬ್ಬರೂ ಬಾಡಿಗೆದಾರರ ಸಂಘಕ್ಕೆ ಹೋದೆವು.

"ಪ್ಯಾರಾಗ್ರಾಫ್ 573ಸಿ, ಅಬ್‌ಸಾಟ್ಸ್ 1" ಅಂದರು ಅಲ್ಲಿನ ವಕೀಲರು. ಅಂದರೆ ಜರ್ಮನ್ ಸಿವಿಲ್ ಕೋಡಿನ ಸೆಕ್ಷನ್ 573ಸಿ, ಅದರ ಮೊದಲ ಉಪವಿಭಾಗ. "ಓದಿದ್ದೇನೆ, ಮೂರು ತಿಂಗಳೇ ಆಗುತ್ತೆ" ಅಂದಳು ಗೆಳತಿ. "ಯಾವ ಸಾಟ್ಸ್?" ಎಂದವರೇ ಪೆನ್ನಿನ ತುದಿಯಿಂದ ವಾಕ್ಯ ಎಣಿಸಿದರು. ಮೊದಲ ಫುಲ್‌ಸ್ಟಾಪ್ ದಾಟಿ ಪೆನ್ನು ನಿಂತಿತು. ಬಾಡಿಗೆದಾರರು ಬಂದು ಐದು ವರ್ಷ ಆಗಿದ್ದರೆ ಓನರ್ ಇನ್ನೂ ಮೂರು ತಿಂಗಳು ಜಾಸ್ತಿ ಕೊಡಬೇಕು, ಎಂಟಾದರೆ ಮತ್ತೆ ಮೂರು. ಗೆಳತಿ ಐದು ದಾಟಿ ಎಷ್ಟೋ ದಿನವಾಗಿದೆ. "ಕರಾರಿನಲ್ಲಿ ಮೂರೇ ಅಂತ ಇದೆಯಲ್ಲ?" "ಅಬ್‌ಸಾಟ್ಸ್ 4. ನಿಮಗೆ ನಷ್ಟವಾಗುವ ಕರಾರು ನಡೆಯಲ್ಲ." ಒಂದು ನಗು ಇಲ್ಲ, ಸಮಾಧಾನದ ಮಾತಿಲ್ಲ. ಆದರೂ ಆ ಮನುಷ್ಯ ನನಗೆ ಇಷ್ಟವಾದರು.

1900ರ ಜನವರಿ 1ಕ್ಕೆ ಜಾರಿಗೆ ಬಂದ ಸಿವಿಲ್ ಕೋಡ್ ಇದು. 573ಸಿ ಇರುವುದು, ದೊಡ್ಡ ಭಾಗದಿಂದ ಚಿಕ್ಕದಕ್ಕೆ ಇಳಿದರೆ, ಎರಡನೇ ಬೂಖ್, ಎಂಟನೇ ಅಬ್‌ಶ್ನಿಟ್, ಐದನೇ ಟೀಟಲ್, ಎರಡನೇ ಉಂಟರ್‌ಟೀಟಲ್, ಐದನೇ ಕಾಪಿಟಲ್, ಎರಡನೇ ಉಂಟರ್‌ಕಾಪಿಟಲ್‌ನಲ್ಲಿ. ಉಸ್ಸಪ್ಪಾ! ಅಷ್ಟುದ್ದ ಯಾರೂ ಹೇಳುವುದಿಲ್ಲ. ಪ್ಯಾರಾಗ್ರಾಫ್ ನಂಬರು 1ರಿಂದ 2385ರವರೆಗೆ ಒಂದೇ ಓಟ. ನಡುವೆ ಹೊಸದು ಬಂದರೆ ಎ, ಬಿ, ಸಿ ಅಂಟಿಸುತ್ತಾರೆ, ಹಳೆಯ ನಂಬರು ಅಲುಗಾಡುವುದಿಲ್ಲ.

ನಮ್ಮ ಆಫೀಸಿನಲ್ಲೂ ಇಂಥದೇ ಏಣಿ. ಬೆರೈಖ್, ಅದರಡಿ ಹೌಪ್ಟ್‌ಅಬ್‌ಟೈಲುಂಗ್, ಅದರಡಿ ಅಬ್‌ಟೈಲುಂಗ್ ಅಂದರೆ ವಿಭಾಗ, ಕೊನೆಗೆ ಗ್ರೂಪೆ ಅನ್ನುವ ಚಿಕ್ಕ ತಂಡ. ಒಂದು ಸಹಿ ಕೇಳಿದರೆ "ಅದು ನಮ್ಮ ಅಬ್‌ಟೈಲುಂಗ್ ಅಲ್ಲ" ಅಂತ ನಗುತ್ತಲೇ ಸಾಗಹಾಕುತ್ತಾರೆ. ಇಷ್ಟು ದಿನ ಈ ದೇಶದ ವಿಂಗಡಣೆಯೆಲ್ಲ ತಪ್ಪಿಸಿಕೊಳ್ಳುವವರಿಗೆ ಮಾಡಿದ್ದು ಅಂತಲೇ ನಾನು ಬೈದುಕೊಳ್ಳುತ್ತಿದ್ದೆ. ಅವತ್ತು ತಪ್ಪಿಸಿಕೊಳ್ಳಲು ಆಗದವನು ಓನರ್. ಭಾಷೆ ಅರ್ಧಂಬರ್ಧ ಬರುವ ಪರದೇಶಿ ಹುಡುಗಿಯೂ ಬೆರಳಿಟ್ಟು ತೋರಿಸಬಹುದು, ಇಲ್ಲಿದೆ ನೋಡಿ ಅಂತ. ಗಟ್ಟಿ ದನಿ ಬೇಡ, ಪರಿಚಯದವರೂ ಬೇಡ.

ಗೆಳತಿ ಅವತ್ತೇ ಓನರ್‌ಗೆ ಉತ್ತರ ಬರೆದಳು. ದಯವಿಟ್ಟು ಇಲ್ಲ, ಕಷ್ಟಸುಖ ಇಲ್ಲ. ಪ್ಯಾರಾಗ್ರಾಫ್, ಅಬ್‌ಸಾಟ್ಸ್, ಸಾಟ್ಸ್, ಸಹಿ. ಮಗಳು ಬರುವ ಕಾರಣ ಗಟ್ಟಿಯೋ ಜೊಳ್ಳೋ ಅನ್ನುವುದು 'ಸಿ' ಇಲ್ಲದ ಬರೀ 573ರ ವಿಷಯವಂತೆ. ಅದಕ್ಕೆ ಇನ್ನೊಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇವೆ.