ಟಿವಿಗೆ 12 ದಿನ, ಟೀಚರಿಗೆ ಮೂರು ತಿಂಗಳು

ನಾನು ಉಡುಪಿ ಜಿಲ್ಲೆಯ ಒಂದು ಗ್ರಾಮ ಪಂಚಾಯತ್‌ನಲ್ಲಿ ಲೆಕ್ಕ ಸಹಾಯಕ. ಬಿಲ್ಲು ನೋಡುವುದು, ವೋಚರ್ ಬರೆಯುವುದು, ಪಂಚತಂತ್ರ ಅನ್ನುವ ಪಂಚಾಯತ್ ಲೆಕ್ಕದ ತಂತ್ರಾಂಶದಲ್ಲಿ ಏರಿಸುವುದು ನನ್ನ ಕೆಲಸ. ಮಕ್ಕಳ ಪಾಠಕ್ಕೂ ನನಗೂ ಸಂಬಂಧ ಇಲ್ಲ ಅಂದುಕೊಂಡಿದ್ದೆ. ಆದರೆ ನಮ್ಮೂರ ಸರಕಾರಿ ಶಾಲೆಯ ಸಂಜೆ ಕ್ಲಾಸ್ ನಿಂತುಹೋದದ್ದು ನನ್ನ ಮೇಜಿನ ಮೇಲೆಯೇ.

ಶಾಲೆಯಲ್ಲಿ 80 ಚಿಲ್ಲರೆ ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಬಾಗಲಕೋಟೆ, ಕೊಪ್ಪಳ, ಗದಗದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಉಳಿದವರಿಗೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಸಂಜೆ ಬಾಡಿಗೆ ಕೋಣೆಗೆ ಹೋದರೆ ಪುಸ್ತಕ ತೆಗೆದು ಪಕ್ಕದಲ್ಲಿ ಕೂರುವವರು ಯಾರೂ ಇಲ್ಲ. ಮುಖ್ಯ ಶಿಕ್ಷಕಿ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಮಾತಾಡಿ, ಬಿ.ಎಡ್. ಮುಗಿಸಿದ ನಮ್ಮೂರ ಹುಡುಗಿಯೊಬ್ಬಳನ್ನು ಗೌರವ ಶಿಕ್ಷಕಿಯಾಗಿ ಒಪ್ಪಿಸಿದರು. 4:15ರಿಂದ 5:45, ತಿಂಗಳಿಗೆ 4,000 ರೂಪಾಯಿ, ಪಂಚಾಯತ್ ಕೊಡಬೇಕು ಅಂತ ಮಾತಾಯಿತು. ಜೂನ್‌ನಲ್ಲಿ ಶುರುವಾಯಿತು. 22 ಮಕ್ಕಳು ಬರುತ್ತಿದ್ದರು.

ಮೊದಲ ಬಿಲ್ಲು ಬಂದಾಗ ನಾನು ವಾಪಸ್ ಕಳಿಸಿದೆ. ಕೇಂದ್ರದಿಂದ ಪಂಚಾಯತ್‌ಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕೊಡಿ ಅಂತ ಬರೆದಿದ್ದರು. ಆ ದುಡ್ಡಿನಲ್ಲಿ ಶೇ 60 ನೀರು ಮತ್ತು ಸ್ವಚ್ಛತೆಗೇ ಮೀಸಲಿತ್ತು. ಉಳಿದ ಶೇ 40ರಲ್ಲಿ ಊರಿಗೆ ಬೇಕಾದ್ದು ಮಾಡಬಹುದಿತ್ತು, ಶಾಲೆಯದ್ದೂ ಮಾಡಬಹುದಿತ್ತು, ಆದರೆ ಸಂಬಳ ಕೊಡುವ ಹಾಗಿರಲಿಲ್ಲ. ಅಲ್ಲಿಯವರೆಗೆ ನಾನು ಸರಿಯೇ ಇದ್ದೆ. ತಪ್ಪು ಆಮೇಲಿನದ್ದು. ಹಾಗಾದರೆ ಯಾವುದರಲ್ಲಿ ಕೊಡಬಹುದು ಅಂತ ನಾನು ಹೇಳಲಿಲ್ಲ. ನಮ್ಮ ಸ್ವಂತ ನಿಧಿ ಇತ್ತು, ಮನೆ ತೆರಿಗೆ, ಅಂಗಡಿ ಲೈಸೆನ್ಸಿನ ದುಡ್ಡು. ಒಂದು ನಿರ್ಣಯ ಮಾಡಿದರೆ ಸಾಕಿತ್ತು. ನಾನು ಆಕ್ಷೇಪ ಬರೆದು ಫೈಲು ಮುಚ್ಚಿದೆ. ಎರಡನೇ ಸಲ ಹಾಜರಿ ಕೇಳಿದೆ. ಮೂರನೇ ಸಲ ಎಸ್‌ಡಿಎಂಸಿ ನಿರ್ಣಯದ ಪ್ರತಿ ಕೇಳಿದೆ. ಪ್ರತಿಯೊಂದು ಸಲವೂ ಕಾಗದದ ಪ್ರಕಾರ ನಾನು ಸರಿ. ಅಷ್ಟರಲ್ಲಿ ಮೂರು ತಿಂಗಳು ಹೋಯಿತು, ಅವಳು ದಿನಾ ಕೈಯಿಂದ ಬಸ್ಸಿಗೆ ಹಾಕಿಕೊಂಡು ಬರುತ್ತಿದ್ದಳು.

ಅದೇ ಆಗಸ್ಟ್‌ನಲ್ಲಿ ಅದೇ ಶಾಲೆಗೆ ಒಂದು ಸ್ಮಾರ್ಟ್ ಟಿವಿಯ ಬಿಲ್ಲು ಬಂತು. ಕೊಟೇಶನ್ ಇತ್ತು, ಇನ್‌ವಾಯ್ಸ್ ಇತ್ತು, ಗೋಡೆಗೆ ಹಾಕಿದ ಫೋಟೋ ಇತ್ತು. 12 ದಿನದಲ್ಲಿ ದುಡ್ಡು ಹೋಯಿತು, ನಾನೇ ಕಳಿಸಿದ್ದು. ಸೆಪ್ಟೆಂಬರ್‌ನಲ್ಲಿ ಅವಳು ಉಡುಪಿಯ ಒಂದು ಅಂಗಡಿಗೆ ಬಿಲ್ಲಿಂಗ್ ಕೆಲಸಕ್ಕೆ ಸೇರಿದಳು.

ನವೆಂಬರ್‌ನ ಮಕ್ಕಳ ಗ್ರಾಮಸಭೆಯಲ್ಲಿ ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಸಂಜಿ ಕ್ಲಾಸ್ ಯಾವಾಗ ಚಾಲೂ ಮಾಡ್ತೀರಿ? ನಾ ಭಾಗಾಕಾರದಾಗ ನಿಂತೀನ್ರಿ." ಅಧ್ಯಕ್ಷೆ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಮುಖ ನೋಡಿದರು, ಪಿಡಿಒ ನನ್ನ ಮುಖ ನೋಡಿದರು. ನನಗೆ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮುಂದಿನ ಸಾಮಾನ್ಯ ಸಭೆಗೆ ನಾನೇ ಟಿಪ್ಪಣಿ ಬರೆದೆ. ಒಬ್ಬ ಸದಸ್ಯರು, ನಮ್ಮದು 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ಇಡೀ ರಾಜ್ಯಕ್ಕೆ ಫಸ್ಟ್ ಬಂದ ಜಿಲ್ಲೆ, ನಮಗೆಂಥ ಟ್ಯೂಷನ್ ಅಂದರು. ಹತ್ತನೇ ಕ್ಲಾಸಿಗೆ ಹೋಗಿ ಪರೀಕ್ಷೆ ಬರೆದವರ ಲೆಕ್ಕ ಅದು. ಆರನೆಯಲ್ಲಿ ಭಾಗಾಕಾರ ಬಾರದೆ ಕೂತವಳ ಲೆಕ್ಕ ಅದರಲ್ಲಿ ಎಲ್ಲಿದೆ? ನಮ್ಮ ಮಕ್ಕಳಿಗೆಲ್ಲ ನಾವು ತಿಂಗಳಾ ದುಡ್ಡು ಕೊಟ್ಟು ಟ್ಯೂಷನ್‌ಗೆ ಕಳಿಸುತ್ತೇವೆ ಅಲ್ವಾ, ಅದನ್ನೇ ಹೇಳಿದೆ. ಶಾಲೆಯ ದುಡ್ಡಿನಲ್ಲೇ ಮಾಡಲಿ ಅಂತಲೂ ಒಂದು ಮಾತು ಬಂತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಷ್ಟು ಮಕ್ಕಳ ಶಾಲೆಗೆ ನಿಗದಿಯಾದ ಸಂಯುಕ್ತ ಅನುದಾನ ಇಡೀ ವರ್ಷಕ್ಕೆ 25,000. ಅದರಲ್ಲೂ ಶೇ 10 ಸ್ವಚ್ಛತೆಗೆ ಹೋಗಬೇಕು. ಸುಣ್ಣ, ಹೆಂಚು, ನಲ್ಲಿ ರಿಪೇರಿಗೇ ಅದು ಮುಗಿಯುತ್ತದೆ.

ಕೊನೆಗೆ ಸ್ವಂತ ನಿಧಿಯಿಂದ ನಿರ್ಣಯವಾಯಿತು. ಹಾಜರಿ ಒಂದೇ ಹಾಳೆ, ಮುಖ್ಯ ಶಿಕ್ಷಕಿಯ ಒಂದು ಸಹಿ, 5ನೇ ತಾರೀಕಿನೊಳಗೆ ಖಾತೆಗೆ ದುಡ್ಡು. ಹಳೆಯ ಟೀಚರಿನ ಬಾಕಿಯೂ ಆಗಲೇ ಹೋಯಿತು. ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಅಂದಳು, ಆದರೆ ವಾಪಸ್ ಬರಲಿಲ್ಲ. ಜನವರಿಯಲ್ಲಿ ಹೊಸಬರು ಬಂದರು. ಮೊದಲ ವಾರ 9 ಮಕ್ಕಳು, ಅಷ್ಟೇ. 22 ಇದ್ದದ್ದು 9! ಒಮ್ಮೆ ತಪ್ಪಿಹೋದ ಮಕ್ಕಳನ್ನು ಮತ್ತೆ ಕರೆತರುವುದು ಎಷ್ಟು ಕಷ್ಟ ಅಂತ ಯಾವ ಫೈಲಿನಲ್ಲೂ ಬರೆದಿರುವುದಿಲ್ಲ. ಮಧ್ಯಾಹ್ನ ಬಿಸಿಯೂಟ ಮಾಡಿದ ಮಕ್ಕಳಿಗೆ ನಾಲ್ಕೂವರೆಗೆ ಹಸಿವೆ ಅಂತ ಗೊತ್ತಾದದ್ದೂ ಆಗಲೇ. ಅವಲಕ್ಕಿ, ಬಾಳೆಹಣ್ಣು ಶುರು ಮಾಡಿದ ಮೇಲೆ ಸಂಖ್ಯೆ ಏರಿತು.

ಇನ್ನೊಂದು ವಿಷಯ, ಕರಾವಳಿಯವರಿಗೆ ಮಾತ್ರ ಅರ್ಥವಾಗುವಂಥದ್ದು. ಮಳೆ ರಜೆ. ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ, ಆಮೇಲೆ ಶನಿವಾರ ಮಧ್ಯಾಹ್ನ ಪಾಠ ಸರಿದೂಗಿಸುತ್ತಾರೆ. ದಿನದ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಟೀಚರಿಗೆ ನಷ್ಟ. ಅದಕ್ಕೆ ಈಗ ಗಂಟೆಯ ಲೆಕ್ಕ ಇಟ್ಟಿದ್ದೇವೆ. ನಿರ್ಣಯವನ್ನೂ ಈ ಸಲ ಮಾರ್ಚ್‌ನಲ್ಲೇ ಮಾಡಿದೆವು, ಏಕೆಂದರೆ ನಮ್ಮ ವರ್ಷ ಏಪ್ರಿಲ್‌ಗೆ ಶುರು, ಶಾಲೆಯ ವರ್ಷ ಜೂನ್‌ಗೆ ಶುರು, ಜೂನ್ ಬಂದ ಮೇಲೆ ಫೈಲು ಎಬ್ಬಿಸಿದರೆ ಮತ್ತೆ ಆಗಸ್ಟ್ ಆಗುತ್ತದೆ.

ಆ ಹುಡುಗಿ ಈಗ ಏಳನೇ ಕ್ಲಾಸು. ಭಾಗಾಕಾರ ದಾಟಿ ದಶಮಾಂಶಕ್ಕೆ ಬಂದಿದ್ದಾಳೆ ಅಂತ ಟೀಚರ್ ಹೇಳಿದರು. ಅಪ್ಪನ ಕಟ್ಟಡದ ಕೆಲಸ ದೀಪಾವಳಿಗೆ ಮುಗಿಯುತ್ತದಂತೆ, ಆಮೇಲೆ ಎಲ್ಲಿಗೆ ಹೋಗುತ್ತಾರೋ ಅವರಿಗೇ ಗೊತ್ತಿಲ್ಲ. ಅದಕ್ಕೇ ಅವಳನ್ನು ವಾರಕ್ಕೆ ಒಂದು ಗಂಟೆ ಜಾಸ್ತಿ ಕೂರಿಸುತ್ತಿದ್ದಾರೆ. ಆ ಗಂಟೆಯ ದುಡ್ಡೂ ಈ ತಿಂಗಳ ಬಿಲ್ಲಿನಲ್ಲಿ ಸೇರಿದೆ.